ಗೆರೆ ಮೇಲೋ, ಒಂದು ಸೆಂಟಿಮೀಟರ್ ಮುಂದೋ?

ಓದುಗರ ಪ್ರಶ್ನೆ: ಹೊಸ ಆಲ್-ಮೌಂಟನ್ ಸ್ಕೀ (ಬೆಟ್ಟದ ಎಲ್ಲ ಬಗೆಯ ಹಿಮಕ್ಕೂ ಆಗುವಂಥದ್ದು) ಕೊಂಡಿದ್ದೇನೆ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಬೇರೆಯಾಗಿ ತಗೊಂಡೆ. ಅಂಗಡಿಯವರು "ಕಂಪನಿಯ ಗೆರೆ ಮೇಲೆ ಕೂರಿಸಬೇಕಾ, ಒಂದು ಸೆಂಟಿಮೀಟರ್ ಮುಂದೆ ಹಾಕಬೇಕಾ?" ಅಂತ ಕೇಳುತ್ತಿದ್ದಾರೆ. ಗೆಳೆಯರಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಒಮ್ಮೆ ತೂತು ಕೊರೆದರೆ ಕೊರೆದ ಹಾಗೆಯೇ ಅಲ್ವಾ? ಏನು ಹೇಳಲಿ?

ಉತ್ತರ: ಗೆರೆ ಮೇಲೆಯೇ ಹಾಕಿಸಿ. ಬೇರೆ ಕಡೆ ಹಾಕಿಸಲು ನಿಮ್ಮದೇ ಕಾಲಿನಿಂದ, ನಿಮ್ಮದೇ ಹಳೆಯ ಸ್ಕೀಯಿಂದ ಬಂದ ಕಾರಣ ಇದ್ದರೆ ಮಾತ್ರ ಗೆರೆ ಬಿಡಿ. "ಅವನು ಮುಂದೆ ಹಾಕಿಸಿದ್ದಾನೆ, ಚೆನ್ನಾಗಿ ತಿರುಗುತ್ತಂತೆ" ಅನ್ನುವುದು ಕಾರಣವಲ್ಲ. ಅವನ ಸ್ಕೀ ಬೇರೆ, ಬೂಟ್ ಬೇರೆ, ನಿಲ್ಲುವ ರೀತಿಯೇ ಬೇರೆ.

ಆ ಕಾರಣ ನಿಮ್ಮ ಹತ್ತಿರ ಇದೆಯೋ ಇಲ್ಲವೋ ಅಂತ ತಿಳಿಯುವುದು ಹೇಗೆ ಅನ್ನುವುದೇ ನಿಜವಾದ ಪ್ರಶ್ನೆ. ಅದಕ್ಕೂ ಮೊದಲು ಒಂದು ಗೊಂದಲ ಕಳೆಯೋಣ. ಸ್ಕೀಯ ಮೇಲೆ ನಡುಭಾಗದಲ್ಲಿ ಅಡ್ಡಕ್ಕೆ ಒಂದು ಸಣ್ಣ ಗೆರೆ ಇರುತ್ತದೆ. ಬೈಂಡಿಂಗಿನ ಮುಂಭಾಗ ಅಲ್ಲಿಗೆ ಬರಬೇಕು ಅಂತ ಹಲವರು ತಿಳಿದಿದ್ದಾರೆ. ಹಾಗಲ್ಲ. ಅದು ಬೂಟಿಗೆ ಸೇರಿದ ಗೆರೆ. ನಿಮ್ಮ ಬೂಟಿನ ಅಟ್ಟೆಯ ಪಕ್ಕದಲ್ಲಿ ಸರಿಯಾಗಿ ಅರ್ಧ ಉದ್ದಕ್ಕೆ ಒಂದು ಗುರುತು ಅಚ್ಚಾಗಿರುತ್ತದೆ. ಆ ಗುರುತು ಈ ಗೆರೆಯ ಮೇಲೆ ಬಂದು ನಿಲ್ಲಬೇಕು, ಅಷ್ಟೇ. ಬೈಂಡಿಂಗಿನ ಮುಂಭಾಗ ಎಲ್ಲಿ, ಹಿಂಭಾಗ ಎಲ್ಲಿ ಅನ್ನುವುದು ಬೂಟಿನ ಅಟ್ಟೆಯ ಉದ್ದದಿಂದ ತಾನಾಗಿಯೇ ತೀರ್ಮಾನವಾಗುತ್ತದೆ. ಆ ಉದ್ದ ಹಿಮ್ಮಡಿಯ ಹತ್ತಿರ ಮಿಲಿಮೀಟರಿನಲ್ಲಿ ಬರೆದಿರುತ್ತದೆ: 295, 305, 315, ಹೀಗೆ. ಅದಕ್ಕೇ ಬೂಟ್ ಇಲ್ಲದೆ ಅಂಗಡಿಗೆ ಹೋಗಬೇಡಿ. ಫೋನಿನಲ್ಲಿ ಸೈಜು ಹೇಳಿದರೂ ಸಾಲದು. 27.5 ಸೈಜಿನ ಎರಡು ಬೂಟುಗಳ ಅಟ್ಟೆ ಒಂದೇ ಉದ್ದ ಇರಬೇಕೆಂದೇನಿಲ್ಲ.

ಈಗ ಮನೆಯಲ್ಲೇ ಮಾಡಬಹುದಾದ ಒಂದು ಅಳತೆ. ಐದು ನಿಮಿಷದ ಕೆಲಸ, ಆದರೆ ಹತ್ತು ಜನರ ಅಭಿಪ್ರಾಯಕ್ಕಿಂತ ಜಾಸ್ತಿ ಹೇಳುತ್ತದೆ. ಸ್ಕೀಯ ಬಾಲದ ತುದಿಯಿಂದ ಮೂತಿಯ ತುದಿಯವರೆಗೆ ಟೇಪನ್ನು ಬಿಗಿಯಾಗಿ, ನೇರವಾಗಿ ಎಳೆದು ಹಿಡಿಯಿರಿ. ಮೂತಿಯ ಬಾಗಿಗೆ ತಕ್ಕಂತೆ ಟೇಪನ್ನು ಬಗ್ಗಿಸಬೇಡಿ. 180 ಅಂತ ಬರೆದ ಸ್ಕೀ 178.6 ಸೆಂ.ಮೀ. ಬಂತು ಅನ್ನಿ. ಅರ್ಧ 89.3. ಆಮೇಲೆ ಬಾಲದಿಂದ ಕಂಪನಿಯ ಗೆರೆಯವರೆಗೆ ಅಳೆಯಿರಿ. 80.3 ಬಂದರೆ, ಗೆರೆ ನಿಜವಾದ ನಡುಬಿಂದುವಿಗಿಂತ 9 ಸೆಂ.ಮೀ. ಹಿಂದಿದೆ ಅಂತಾಯಿತು. ಸ್ಕೀ ಜನ ಇದನ್ನು "ಮೈನಸ್ ಒಂಬತ್ತು" ಅನ್ನುತ್ತಾರೆ.

ಈ ಒಂದು ಸಂಖ್ಯೆಯಲ್ಲಿ ಸ್ಕೀಯ ಸ್ವಭಾವ ಬಹಳಷ್ಟು ಅಡಗಿದೆ. ಮೈನಸ್ 10ರಿಂದ 12ರ ಆಸುಪಾಸು ಇದ್ದರೆ ಅದು ಹಳೆಯ ಮಾದರಿಯ ಸ್ಕೀ. ಮೊಣಕಾಲ ಕೆಳಗಿನ ಮೂಳೆಯನ್ನು ಬೂಟಿನ ನಾಲಿಗೆಗೆ ಒತ್ತಿ, ಉದ್ದದ ಮೂತಿಯನ್ನು ದುಡಿಸಿಕೊಂಡು, ಬಿರುಸಾಗಿ ಇಳಿಯುವವರಿಗೆ ಹೇಳಿ ಮಾಡಿಸಿದ್ದು. ಮೈನಸ್ 5ರಿಂದ ಸೊನ್ನೆಯವರೆಗೆ ಫ್ರೀಸ್ಟೈಲ್ ಸ್ಕೀಗಳು. ಗಾಳಿಯಲ್ಲಿ ತಿರುಗಬೇಕು, ಹಿಮ್ಮುಖವಾಗಿ ಇಳಿಯಬೇಕು, ಹಾಗಾಗಿ ಕಾಲು ನಡುವಿಗೆ ಹತ್ತಿರ. ಇವತ್ತಿನ ಆಲ್-ಮೌಂಟನ್ ಸ್ಕೀಗಳು ಬಹುಪಾಲು ಇವೆರಡರ ನಡುವೆ, ಮೈನಸ್ 6ರಿಂದ 9ರ ಒಳಗೆ ಬರುತ್ತವೆ. ಇದು ಕಟ್ಟುನಿಟ್ಟಿನ ಗಡಿಯೇನಲ್ಲ.

ಆ ಗೆರೆಯನ್ನು ಕಂಪನಿ ಸುಮ್ನೆ ಎಳೆದಿರುವುದಿಲ್ಲ. ಸ್ಕೀ ಎಲ್ಲಿ ಅತಿ ಕಿರಿದಾಗಿದೆ, ಕ್ಯಾಂಬರ್ (ನಡುಭಾಗ ಕಮಾನಿನಂತೆ ಮೇಲೆದ್ದಿರುವುದು) ಎಲ್ಲಿ ಅತಿ ಎತ್ತರ, ಮೂತಿ ಮತ್ತು ಬಾಲದ ರಾಕರ್ (ತುದಿ ಮೇಲಕ್ಕೆ ಬಾಗಿರುವುದು) ಎಲ್ಲಿಂದ ಶುರು, ಎಷ್ಟು ಗಟ್ಟಿ, ಎಷ್ಟು ಮೆದು ಎಂಬುದೆಲ್ಲ ಆ ಬಿಂದುವಿನಲ್ಲಿ ಒಬ್ಬ ನಿಲ್ಲುತ್ತಾನೆ ಅನ್ನುವ ಲೆಕ್ಕದಲ್ಲೇ ಹೊಂದಿಸಿದ್ದು. ಮಾರುಕಟ್ಟೆಗೆ ಬರುವ ಮೊದಲು ಹಲವು ಜಾಗದಲ್ಲಿ ಬೈಂಡಿಂಗ್ ಇಟ್ಟು ಓಡಿಸಿ ನೋಡಿರುತ್ತಾರೆ. ಹಾಗಂತ ಅದು ಶಾಸನವೂ ಅಲ್ಲ. ಎಲ್ಲರಿಗೂ ಒಗ್ಗುವ ಒಂದು ಸರಾಸರಿ ಬಿಂದು.

ಇದಕ್ಕೆ ಒಳ್ಳೆಯ ಉದಾಹರಣೆ ಲೈನ್ ಎಂಬ ಸ್ಕೀ ಕಂಪನಿಯದು. ಅಮೆರಿಕದ ಸ್ಕೀಯರ್ ಎರಿಕ್ ಪೊಲಾರ್ಡ್ ರೂಪಿಸಿದ ಸ್ಕೀಗಳ ಮೇಲೆ ಅವರು ಎರಡು ಗುರುತು ಹಾಕುತ್ತಿದ್ದರು. ಒಂದು ಕಂಪನಿಯ ಶಿಫಾರಸು. ಇನ್ನೊಂದು ಅದಕ್ಕಿಂತ ಮುಂದೆ, "ಎರಿಕ್ಸ್ ಚಾಯ್ಸ್" ಅಂತ ಬರೆದದ್ದು. ಪೊಲಾರ್ಡ್ ಆಳ ಹಿಮದಲ್ಲೂ ಹಿಮ್ಮುಖವಾಗಿ ಇಳಿಯುವ ಮನುಷ್ಯ. ಅವನಿಗೆ ನಡುವಿಗೆ ಹತ್ತಿರ ನಿಲ್ಲುವುದು ಬೇಕಿತ್ತು. ಸ್ಕೀ ರೂಪಿಸಿದವನೇ ತನಗೆ ಬೇಕಾದ ಜಾಗವನ್ನು ಕೊಳ್ಳುವವರೆಲ್ಲರಿಗೂ ಶಿಫಾರಸು ಮಾಡಲಿಲ್ಲ. ಅದನ್ನು ತನ್ನ ಆಯ್ಕೆ ಅಂತ ಪ್ರತ್ಯೇಕವಾಗಿ ಬರೆದ. ನನಗೆ ಇದು ತುಂಬ ಪ್ರಾಮಾಣಿಕ ಅನ್ನಿಸುತ್ತದೆ.

ಇನ್ನು ಹಿಂದೆ ಮುಂದೆ ಮಾಡಿದರೆ ಏನಾಗುತ್ತದೆ? ಎತ್ತಿನ ಗಾಡಿಗೆ ಹೇರು ಹೇರಿದವರಿಗೆ ಇದು ಗೊತ್ತು. ಭಾರ ಮುಂದಕ್ಕೆ ಬಿದ್ದರೆ ಎತ್ತಿನ ಕತ್ತು ಕುಗ್ಗುತ್ತದೆ, ಹಿಂದಕ್ಕೆ ಬಿದ್ದರೆ ನೊಗವೇ ಮೇಲೇಳುತ್ತದೆ. ಬೈಂಡಿಂಗ್ ಮುಂದೆ ಹೋದರೆ ನಿಮ್ಮ ಮುಂದಿರುವ ಸ್ಕೀ ಗಿಡ್ಡವಾಗುತ್ತದೆ, ಹಿಂದಿನದು ಉದ್ದವಾಗುತ್ತದೆ. ತಿರುವು ಬೇಗ ಶುರುವಾಗುತ್ತದೆ. ಮರಗಳ ನಡುವೆ, ಉಬ್ಬು ತಗ್ಗುಗಳ ಮೇಲೆ ಸ್ಕೀಯನ್ನು ಕಾಲಡಿಯಲ್ಲೇ ಗಿರ್ರನೆ ತಿರುಗಿಸಬಹುದು. ಬೆಲೆ ತೆರುವುದು ಆಳ ಹಿಮದಲ್ಲಿ. ಅಲ್ಲಿ ಮೂತಿ ಮುಳುಗತೊಡಗುತ್ತದೆ, ತೊಡೆ ಉರಿಯುವಷ್ಟು ಹಿಂದಕ್ಕೆ ವಾಲಬೇಕಾಗುತ್ತದೆ. ಬೂಟಿನ ನಾಲಿಗೆಯನ್ನು ಬಲವಾಗಿ ಒತ್ತುವ ಅಭ್ಯಾಸ ಇರುವವರಿಗೆ ಮೂತಿಯ ಮೇಲಿಂದ ಮಗುಚಿ ಬೀಳುವ ಹಾಗೆ ಅನ್ನಿಸುತ್ತದೆ. ತಿರುವಿನ ಕೊನೆಯಲ್ಲಿ ಉದ್ದದ ಬಾಲ ಹಿಮವನ್ನು ಬಿಡಲು ಒಪ್ಪುವುದಿಲ್ಲ.

ಹಿಂದೆ ಹೋದರೆ ಇದರ ತಿರುಗುಮುರುಗು. ಮೂತಿ ತೇಲುತ್ತದೆ. ವೇಗದಲ್ಲಿ, ಕೆದರಿದ ಹಿಮದಲ್ಲಿ ಮುಂದೆ ಉದ್ದ ಇರುವುದರಿಂದ ಧೈರ್ಯ ಬರುತ್ತದೆ. ಬಾಲ ಸುಲಭವಾಗಿ ಜಾರಿ ಬಿಡಿಸಿಕೊಳ್ಳುತ್ತದೆ. ಆದರೆ ತಿರುವು ಶುರು ಮಾಡಲು ಮೈಬಲ ಬೇಕು. ಸ್ವಲ್ಪ ಸೋಮಾರಿಯಾಗಿ ನಿಂತರೂ ಸ್ಕೀ ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ.

ಇದೆಲ್ಲ ಒಂದೆರಡು ಸೆಂಟಿಮೀಟರಿನ ಮಾತು. ಅರ್ಧ ಸೆಂಟಿಮೀಟರ್ ವ್ಯತ್ಯಾಸವನ್ನು ಹೆಚ್ಚಿನವರು ಗುರುತಿಸಲಾರರು. ಒಂದು ಸೆಂಟಿಮೀಟರನ್ನು ಗಮನವಿಟ್ಟವರು ಗುರುತಿಸುತ್ತಾರೆ. ಎರಡಾದರೆ ಯಾರಿಗೂ ಗೊತ್ತಾಗುತ್ತದೆ. ಎರಡಕ್ಕಿಂತ ಜಾಸ್ತಿ ಸರಿಸಬೇಕು ಅನ್ನಿಸಿದರೆ ನೀವು ತಪ್ಪು ಸ್ಕೀ ಕೊಂಡಿದ್ದೀರಿ. ಮೈನಸ್ 11ರ ಸ್ಕೀಯನ್ನು ಮೈನಸ್ 6ಕ್ಕೆ ತಂದರೆ ಅದೇನು ಫ್ರೀಸ್ಟೈಲ್ ಸ್ಕೀಯ ಹಾಗೆ ಆಡಿಸುವ ಸ್ಕೀ ಆಗುವುದಿಲ್ಲ. ರಾಕರ್, ಬಾಗು, ಗಟ್ಟಿತನ ಎಲ್ಲ ಇದ್ದಲ್ಲೇ ಇರುತ್ತವೆ, ಕಾಲು ಮಾತ್ರ ತಪ್ಪಾದ ಜಾಗಕ್ಕೆ ಬಂದಿರುತ್ತದೆ.

ಹಾಗಾದರೆ ಯಾರು ಸರಿಸಬೇಕು? ಮೊದಲ ಕಾರಣ, ಎಲ್ಲಕ್ಕಿಂತ ಗಟ್ಟಿಯಾದದ್ದು, ನಿಮ್ಮ ಹಳೆಯ ಸ್ಕೀ. ನಿಮಗೆ ಚೆನ್ನಾಗಿ ಒಗ್ಗಿದ ಸ್ಕೀ ಇದ್ದರೆ ಅದನ್ನೂ ಹೀಗೇ ಅಳೆಯಿರಿ. ಅದು ಮೈನಸ್ 7, ಹೊಸದು ಮೈನಸ್ 9, ಜೊತೆಗೆ ನೀವು ನೆಟ್ಟಗೆ, ನಡುವಿನಲ್ಲಿ ನಿಂತು ಇಳಿಯುವವರು ಅಂದರೆ, ಹೊಸದರಲ್ಲಿ ಒಂದು ಸೆಂ.ಮೀ. ಮುಂದೆ ಹಾಕಿಸುವುದರಲ್ಲಿ ಅರ್ಥವಿದೆ. ಪೂರ್ತಿ ಎರಡು ಬೇಡ. ಹೊಸ ಸ್ಕೀಗೂ ತನ್ನದೇ ಮಾತು ಹೇಳಲು ಜಾಗ ಬಿಡಿ.

ಎರಡನೆಯದು ಪಾದದ ಅಳತೆ. ಇದನ್ನು ಅಂಗಡಿಗಳಲ್ಲಿ ಅಷ್ಟಾಗಿ ಯಾರೂ ಹೇಳುವುದಿಲ್ಲ. ಗೆರೆಗೆ ಕೂಡಿಸುವುದು ಬೂಟಿನ ನಡುವನ್ನು. ಆದರೆ ಸ್ಕೀಯನ್ನು ನಡೆಸುವುದು ಹೆಬ್ಬೆರಳ ಬುಡದ ಉಬ್ಬು. ದೊಡ್ಡ ಪಾದದಲ್ಲಿ ಆ ಉಬ್ಬು ಬೂಟಿನ ನಡುವಿಗಿಂತ ಜಾಸ್ತಿ ಮುಂದಿರುತ್ತದೆ, ಸಣ್ಣ ಪಾದದಲ್ಲಿ ಕಡಿಮೆ. 340 ಮಿ.ಮೀ. ಅಟ್ಟೆಯವರಿಗೂ 280 ಮಿ.ಮೀ. ಅಟ್ಟೆಯವರಿಗೂ ಹೋಲಿಸಿದರೆ ಸೆಂಟಿಮೀಟರಿಗೂ ಮಿಕ್ಕಿ ವ್ಯತ್ಯಾಸ ಬರುತ್ತದೆ. ಅಂದರೆ ಒಂದೇ ಗೆರೆಯ ಮೇಲೆ ನಿಂತರೂ ಸಣ್ಣ ಪಾದದವರು ಲೆಕ್ಕಕ್ಕೆ ಹಿಂದೆ ನಿಂತ ಹಾಗೆ. ನಮ್ಮ ಕಡೆಯ ಹೆಣ್ಣುಮಕ್ಕಳಲ್ಲಿ 22.5, 23.5 ಸೈಜಿನ ಬೂಟ್ ಹಾಕುವವರು ಬಹಳ ಜನ. ಅಂಥವರು ಉದ್ದದ ಸ್ಕೀ ಕೊಂಡಿದ್ದರೆ ಅರ್ಧದಿಂದ ಒಂದು ಸೆಂ.ಮೀ. ಮುಂದೆ ಹಾಕಿಸುವುದು ಸರಿಯಾದ ಯೋಚನೆ. ಹೆಂಗಸರಿಗೆಂದೇ ಮಾಡಿದ ಕೆಲವು ಸ್ಕೀಗಳಲ್ಲಿ ಕಂಪನಿಯೇ ಗೆರೆಯನ್ನು ಮುಂದಕ್ಕೆ ತಂದಿರುತ್ತದೆ. ಆಗ ಮತ್ತೆ ಮುಂದೆ ಹಾಕಬೇಡಿ. ಅಳೆದು ನೋಡಿ.

ಮೂರನೆಯದು ನೀವು ಹೋಗುವ ಬೆಟ್ಟ. ಕೊಲೊರಾಡೋದಲ್ಲಿದ್ದು ಹೆಚ್ಚಿನ ದಿನ ಗಟ್ಟಿ ಹಾಸಿನ ಇಳಿಜಾರು, ಆಗಾಗ ಮರಗಳ ನಡುವೆ ಅನ್ನುವವರಿಗೆ ಮುಂದಿನ ಆ ಒಂದು ಸೆಂಟಿಮೀಟರ್ ಖುಷಿ ಕೊಡಬಹುದು. ಅದೇ ಸ್ಕೀ ಹೊತ್ತು ಗುಲ್ಮಾರ್ಗಿಗೆ ಹೋಗುವ ಆಸೆ ಇದ್ದರೆ ಯೋಚಿಸಿ. ಅಲ್ಲಿನ ಅಫರ್ವತ್ ಬೆಟ್ಟದ ಮೇಲಿನ ಗೊಂಡೋಲಾ (ಕೇಬಲ್ ಕಾರ್) ನಿಲ್ದಾಣ ಸುಮಾರು 4,000 ಮೀಟರ್ ಎತ್ತರದಲ್ಲಿದೆ. ಜನ ದೂರದೂರದಿಂದ ಅಲ್ಲಿಗೆ ಬರುವುದು ಆಳ ಹಿಮಕ್ಕಾಗಿಯೇ. ಅಲ್ಲಿ ಗೆರೆ ಬಿಟ್ಟು ಮುಂದೆ ಹಾಕಿಸಿಕೊಂಡವರು ಮೊದಲ ದಿನವೇ ಮೂತಿ ಎತ್ತುವ ಕಷ್ಟ ಪಡುತ್ತಾರೆ.

ಸರಿಸಲು ಕಾರಣವಲ್ಲದ ಒಂದು ಕಾರಣ ಇದೆ. ಅದೇ ಎಲ್ಲರೂ ಹೇಳುವುದು: "ನಾನು ಯಾವಾಗಲೂ ಹಿಂದಕ್ಕೆ ವಾಲುತ್ತೇನೆ, ಮುಂದೆ ಹಾಕಿಸಿದರೆ ಸರಿಹೋಗುತ್ತೆ." ಹೋಗುವುದಿಲ್ಲ. ಹಿಂದಕ್ಕೆ ವಾಲುವುದಕ್ಕೆ ಹತ್ತರಲ್ಲಿ ಎಂಟು ಸಲ ಬೂಟ್ ಕಾರಣ ಅಂತ ನನ್ನ ಅನಿಸಿಕೆ. ಒಂದು ಸೈಜು ದೊಡ್ಡದು, ಹಿಮ್ಮಡಿ ಒಳಗೆ ಮೇಲೆ ಕೆಳಗೆ ಆಡುತ್ತದೆ, ಕಾಲು ನಿಲ್ಲುವುದಿಲ್ಲ. ಅಥವಾ ಬೈಂಡಿಂಗಿನಲ್ಲಿ ಹಿಮ್ಮಡಿ ಮತ್ತು ಬೆರಳ ಕಡೆಯ ಎತ್ತರದ ವ್ಯತ್ಯಾಸ ನಿಮಗೆ ಒಗ್ಗಿರುವುದಿಲ್ಲ. ಅದನ್ನು ಬೂಟ್ ಫಿಟ್ಟರ್ ಹತ್ತಿರ ಸರಿಮಾಡಿಸಿ. ಹಾಗೆಯೇ ಹೊಸ ಸ್ಕೀಯ ಮೂತಿ ಹಿಮಕ್ಕೆ ಸಿಕ್ಕಿ ಎಳೆಯುತ್ತಿದೆ ಅನ್ನಿಸಿದರೆ ಮೊದಲು ಅಂಚನ್ನು ನೋಡಿಸಿ. ಮೂತಿ ಬಾಲದ ಅಂಚು ಅತಿ ಚೂಪಾಗಿದ್ದರೂ ಹಾಗೇ ಆಗುತ್ತದೆ.

ಇನ್ನೂ ತೀರ್ಮಾನವಾಗದಿದ್ದರೆ ಕೊರೆಯುವ ಮೊದಲು ಪರೀಕ್ಷೆ ಮಾಡಬಹುದು. ಬಾಡಿಗೆ ಅಂಗಡಿಗಳಲ್ಲಿ ಡೆಮೊ ಬೈಂಡಿಂಗ್ ಇರುವ ಸ್ಕೀ ಸಿಗುತ್ತದೆ. ಅದರಲ್ಲಿ ಮುಂಭಾಗ, ಹಿಂಭಾಗ ಎರಡೂ ಹಳಿಯ ಮೇಲೆ ಸರಿಯುತ್ತವೆ. ನಿಮ್ಮದೇ ಮಾದರಿ ಸಿಕ್ಕರೆ ಅದೃಷ್ಟ. ಒಂದೇ ದಿನ, ಒಂದೇ ಇಳಿಜಾರಿನಲ್ಲಿ ಗೆರೆಯ ಮೇಲೆ, ಒಂದು ಮುಂದೆ, ಒಂದು ಹಿಂದೆ ಇಳಿದು ನೋಡಿ. ಬೇರೆ ಬೇರೆ ದಿನ ನೋಡಿದರೆ ಹಿಮದ ವ್ಯತ್ಯಾಸವನ್ನೇ ಬೈಂಡಿಂಗಿನ ವ್ಯತ್ಯಾಸ ಅಂದುಕೊಳ್ಳುತ್ತೀರಿ. ಸರಿಸುವ ಕೆಲಸವನ್ನು ಮಾತ್ರ ಅಂಗಡಿಯವರ ಕೈಯಲ್ಲೇ ಮಾಡಿಸಿ. ಹಿಂಭಾಗ ಬೂಟನ್ನು ಮುಂದಕ್ಕೆ ಒತ್ತುವ ಬಲ ಪ್ರತಿ ಸಲವೂ ಸರಿಯಿರಬೇಕು. ಅದು ತಪ್ಪಿದರೆ ಬಿದ್ದಾಗ ಬೂಟ್ ಬಿಚ್ಚಿಕೊಳ್ಳದೆ ಮಂಡಿ ಮುರಿಯಬಹುದು, ಇಲ್ಲವೇ ಸುಮ್ಮನಿದ್ದಾಗ ಬಿಚ್ಚಿಕೊಳ್ಳಬಹುದು. ಕೆಲವರು ಸ್ವಂತ ಸ್ಕೀಗೇ ಡೆಮೊ ಬೈಂಡಿಂಗ್ ಹಾಕಿಸುತ್ತಾರೆ. ತೂಕ ಸ್ವಲ್ಪ ಜಾಸ್ತಿ, ಆದರೆ ಸ್ಕೀಯನ್ನು ಮನೆಯಲ್ಲಿ ಇಬ್ಬರು ಹಂಚಿಕೊಳ್ಳುವುದಿದ್ದರೆ ಅದೇ ಒಳ್ಳೆಯದು.

ಕೊನೆಗೆ ತೂತಿನ ವಿಷಯ. ಕೊರೆದರೆ ಕೊರೆದ ಹಾಗೆಯೇ ಅನ್ನುವ ನಿಮ್ಮ ಭಯ ಅರ್ಧ ನಿಜ. ಹಳೆಯ ತೂತನ್ನು ಪ್ಲಗ್ಗು ಮತ್ತು ಅಂಟು ಹಾಕಿ ಮುಚ್ಚಿ ಬೇರೆ ಕಡೆ ಕೊರೆಯಬಹುದು. ಆದರೆ ಎರಡು ತೂತುಗಳ ನಡುಬಿಂದುಗಳ ನಡುವೆ ಸುಮಾರು ಒಂದು ಸೆಂ.ಮೀ. ಆದರೂ ಇರಬೇಕು ಅನ್ನುವುದು ಅಂಗಡಿಗಳ ವಾಡಿಕೆ. ಹಾಗಾಗಿ ಅದೇ ಬೈಂಡಿಂಗನ್ನು ಅರ್ಧ ಸೆಂಟಿಮೀಟರ್ ಸರಿಸುವುದು ಆಗದ ಮಾತು. ಒಂದು ಸೆಂ.ಮೀ. ಸರಿಸುವುದೂ ಅಂಚಿನ ಮೇಲಿನ ಆಟ. ಡ್ರಿಲ್ ಬಿಟ್ಟಿನ ಅಳತೆ ಎಷ್ಟೋ ಸ್ಕೀಗಳ ಮೇಲೆಯೇ ಬರೆದಿರುತ್ತದೆ. ಒಳಗೆ ಟೈಟನಾಲ್ ಎಂಬ ಲೋಹದ ಹಾಳೆ ಇದ್ದರೆ ಸಾಮಾನ್ಯವಾಗಿ 4.1 ಮಿ.ಮೀ., ಬರೀ ಮರ ಮತ್ತು ಫೈಬರ್ ಆದರೆ 3.5 ಮಿ.ಮೀ., ಆಳ 9 ಮಿ.ಮೀ. ತಾವೇ ಕೊರೆಯುವವರೂ ಇದ್ದಾರೆ. ಮೊದಲ ಜೋಡಿಗೆ ಅದು ಬೇಡ ಅಂತ ನಾನು ಹೇಳುತ್ತೇನೆ. ಅಂಗಡಿಯಲ್ಲಿ ಅಳತೆಗೆ ತಕ್ಕ ಜಿಗ್, ಅಂದರೆ ತೂತಿನ ಜಾಗ ತೋರಿಸುವ ಅಚ್ಚು, ಇರುತ್ತದೆ. ಕೊರೆದಾದ ಮೇಲೆ ನಿಮ್ಮ ತೂಕ, ಎತ್ತರ, ವಯಸ್ಸು, ಅಟ್ಟೆಯ ಉದ್ದ ನೋಡಿ ಬಿಚ್ಚಿಕೊಳ್ಳುವ ಬಲವನ್ನು ಹೊಂದಿಸಿ ಕೊಡುತ್ತಾರೆ.

ಅಂಗಡಿಯ ಚೀಟಿಯಲ್ಲಿ "ಕಂಪನಿಯ ಗೆರೆ, ಸೊನ್ನೆ" ಅಥವಾ "ಗೆರೆಯಿಂದ ಒಂದು ಸೆಂ.ಮೀ. ಮುಂದೆ" ಅಂತ ಅಂಕಿಯಲ್ಲಿ ಬರೆಸಿ. ಸ್ಕೀಯ ಮೇಲೆ ಎರಡು ಮೂರು ಗೆರೆ ಇದ್ದರೆ ಯಾವುದು ಅಂತ ಬೆರಳಿಟ್ಟು ತೋರಿಸಿ. ಮುಂದೆಂದಾದರೂ ಬೂಟ್ ಬದಲಾಯಿಸಿದರೆ ಒಂದು ನೆನಪಿಡಿ. ಸಾಮಾನ್ಯ ಬೈಂಡಿಂಗಿನಲ್ಲಿ ಮುಂಭಾಗ ಅಲ್ಲಾಡುವುದಿಲ್ಲ, ಹಿಂಭಾಗ ಮಾತ್ರ ಸ್ವಲ್ಪ ಸರಿಯುತ್ತದೆ. 305ರ ಅಟ್ಟೆಯಿಂದ 315ಕ್ಕೆ ಹೋದರೆ ಬೂಟಿನ ನಡು ತಾನಾಗಿಯೇ 5 ಮಿ.ಮೀ. ಹಿಂದಕ್ಕೆ ಹೋಗುತ್ತದೆ. ಬಿಚ್ಚಿಕೊಳ್ಳುವ ಬಲವನ್ನೂ ಮತ್ತೆ ಪರೀಕ್ಷಿಸಬೇಕು. ಹೊಸ ಬೂಟ್ ಸದ್ಯದಲ್ಲೇ ಕೊಳ್ಳುವ ಯೋಚನೆ ಇದ್ದರೆ, ಮೊದಲು ಬೂಟ್ ತಗೊಳ್ಳಿ, ಆಮೇಲೆ ಕೊರೆಸಿ.