ಕೆತುವಿಮ್ ಎಂದರೆ ‘ಆಮೇಲಿನ’ ಬರಹಗಳಲ್ಲ

‘ಕೆತುವಿಮ್ ಅಂದರೆ ಯೆಹೂದ್ಯರ ಹೊಸ ಒಡಂಬಡಿಕೆ, ಉಳಿದವಕ್ಕಿಂತ ನಂತರದ ಬರಹಗಳು.’ ಈ ಅರ್ಥದ ಮಾತು ಮತ್ತೆ ಕಣ್ಣಿಗೆ ಬಿತ್ತು. ಹಳೆಯ, ಹೊಸ ಒಡಂಬಡಿಕೆ ಎಂಬುವು ಕ್ರೈಸ್ತರ ಬೈಬಲಿನ ಎರಡು ಭಾಗ. ಯೆಹೂದ್ಯರಿಗೆ ಹೊಸ ಒಡಂಬಡಿಕೆಯೇ ಇಲ್ಲ, ಹಾಗಾಗಿ ಹಳೆಯದೂ ಇಲ್ಲ. ಅವರ ಗ್ರಂಥದ ಹೆಸರು ತನಖ್. ತೋರಾ, ನೆವಿಯಿಮ್, ಕೆತುವಿಮ್ ಎಂಬ ಮೂರು ಭಾಗಗಳ ಮೊದಲಕ್ಷರ ಸೇರಿಸಿ ಮಾಡಿದ ಹೆಸರು ಅದು. ತೋರಾ ಮೋಶೆಯ ಐದು ಪುಸ್ತಕ, ನೆವಿಯಿಮ್ ಪ್ರವಾದಿಗಳು. ಈ ಎರಡರ ಬಗ್ಗೆ ಗೊಂದಲ ಕಡಿಮೆ. ಎಡವಟ್ಟೆಲ್ಲ ಮೂರನೆಯದರಲ್ಲೇ ಆಗುತ್ತದೆ.

ಪದದಿಂದಲೇ ಶುರು ಮಾಡೋಣ. ಹೀಬ್ರೂವಿನಲ್ಲಿ ಕ-ತ-ವ ಎಂಬ ಮೂರು ವ್ಯಂಜನಗಳ ಧಾತುವಿಗೆ ‘ಬರೆ’ ಎಂದು ಅರ್ಥ. ಕಾತುವ್ ಎಂದರೆ ಬರೆದದ್ದು, ಕೆತುವಿಮ್ ಎಂದರೆ ಬರೆದವು. ಅಷ್ಟೇ. ‘ನಂತರ’, ‘ಕೊನೆ’, ‘ಹೊಸ’ ಎಂಬ ಅರ್ಥ ಇದರೊಳಗೆ ಎಲ್ಲೂ ಇಲ್ಲ. ಯೆಹೂದ್ಯರ ಮದುವೆಯಲ್ಲಿ ಬರೆಯುವ ಕರಾರುಪತ್ರ ಕೆತುಬಾ ಕೂಡ ಇದೇ ಧಾತುವಿನದು. ಅರಬ್ಬಿಯಲ್ಲಿ ಇದೇ ಧಾತು ಕ-ತ-ಬ ಆಗಿದೆ. ನಮಗೆ ಗೊತ್ತಿರುವ ಕಿತಾಬು ಬಂದದ್ದು ಅಲ್ಲಿಂದ, ಪಾಠಶಾಲೆ ಎಂಬ ಅರ್ಥದ ಮಕ್ತಬ್ ಕೂಡ. ಅಂದರೆ ಕೆತುವಿಮ್ ಕನ್ನಡದ ಕಿವಿಗೆ ತೀರಾ ಅಪರಿಚಿತ ಪದವೇನಲ್ಲ. ಇನ್ನೊಂದು ಮಾತು: ‘-ಇಮ್’ ಅನ್ನುವುದೇ ಹೀಬ್ರೂವಿನ ಬಹುವಚನ. ‘ಕೆತುವಿಮ್‌ಗಳು’ ಎಂದು ಬರೆಯುವವರು ದಯವಿಟ್ಟು ಆ ‘ಗಳು’ ತೆಗೆಯಬೇಕು.

ಹಾಗಾದರೆ ಒಳಗೆ ಏನಿದೆ? ಸತ್ಯವೇದ, ಅಂದರೆ ಕನ್ನಡದ ಬೈಬಲ್ ಓದಿದವರಿಗೆ ಎಲ್ಲವೂ ಗೊತ್ತಿರುವ ಪುಸ್ತಕಗಳೇ: ಕೀರ್ತನೆಗಳು, ಜ್ಞಾನೋಕ್ತಿಗಳು, ಯೋಬ, ಪರಮಗೀತೆ, ರೂತಳು, ಪ್ರಲಾಪಗಳು, ಪ್ರಸಂಗಿ, ಎಸ್ತೇರಳು, ದಾನಿಯೇಲ, ಎಜ್ರ-ನೆಹೆಮೀಯ, ಪೂರ್ವಕಾಲವೃತ್ತಾಂತ. ಎಜ್ರ ಮತ್ತು ನೆಹೆಮೀಯ ಅವರಿಗೆ ಒಂದೇ ಪುಸ್ತಕ, ವೃತ್ತಾಂತದ ಎರಡು ಭಾಗಗಳೂ ಒಂದೇ. ಹೀಗೆ ಲೆಕ್ಕ 11. ಪ್ರಾರ್ಥನೆ, ಬುದ್ಧಿಮಾತು, ಪ್ರೇಮಗೀತೆ, ಗೋಳಾಟ, ರಾಜವಂಶದ ಪಟ್ಟಿ ಎಲ್ಲ ಒಂದೇ ಕಟ್ಟಿನಲ್ಲಿವೆ. ಇಷ್ಟು ಬಗೆಯ ಪುಸ್ತಕಗಳಿಗೆ ‘ಬರಹಗಳು’ ಅನ್ನುವುದಕ್ಕಿಂತ ಬೇರೆ ಹೆಸರು ಇಡುವುದು ಕಷ್ಟವೇ.

ಈಗ ಆ ‘ನಂತರದ’ ಎಂಬ ಮಾತಿಗೆ ಬರೋಣ. ಈ ಭಾಗ ಒಂದು ಸಂಗ್ರಹವಾಗಿ ಗಟ್ಟಿಯಾದದ್ದು ಉಳಿದೆರಡಕ್ಕಿಂತ ತಡವಾಗಿ, ನಿಜ. ಆದರೆ ಒಳಗಿರುವ ಪುಸ್ತಕಗಳೆಲ್ಲ ತಡವಾಗಿ ಹುಟ್ಟಿದವು ಎಂದು ಅದರ ಅರ್ಥ ಅಲ್ಲ. ಪ್ರಲಾಪಗಳು ನೋಡಿ. ಕ್ರಿ.ಪೂ. 586ರಲ್ಲಿ ಬಾಬಿಲೋನಿನವರು ಯೆರೂಸಲೇಮನ್ನು ಸುಟ್ಟದ್ದರ ಹಸಿ ನೋವು ಅದರಲ್ಲಿದೆ. ಅದು ಕೆತುವಿಮ್‌ನಲ್ಲಿದೆ. ಪ್ರವಾದಿ ಹಗ್ಗಾಯನ ಮಾತುಗಳಿಗೆ ತಾರೀಕೇ ಇದೆ, ಅದು ಕ್ರಿ.ಪೂ. 520 ಆಗುತ್ತದೆ. ಅವನಿರುವುದು ನೆವಿಯಿಮ್‌ನಲ್ಲಿ. ಈಚಿನದು ಯಾವುದು, ಹೇಳಿ?

ಕೆಲವು ಪುಸ್ತಕಗಳು ತಡವಾದವು ಎನ್ನುವುದಕ್ಕೆ ಒಳಗೇ ಸಾಕ್ಷಿ ಇದೆ, ಒಪ್ಪೋಣ. ಪ್ರಸಂಗಿಯಲ್ಲಿ ತೋಟಕ್ಕೆ ‘ಪರ್ದೇಸ್’ ಎಂಬ ಪದ ಬರುತ್ತದೆ. ಅದು ಪರ್ಷಿಯಾದ ಕಡೆಯಿಂದ ಬಂದದ್ದು, ಸ್ವರ್ಗ ಎಂಬ ಅರ್ಥದ ಫಿರ್ದೌಸ್‌ಗೆ ನೆಂಟ. ದಾನಿಯೇಲ ಮತ್ತು ಎಜ್ರದಲ್ಲಿ ಉದ್ದುದ್ದ ಭಾಗಗಳು ಹೀಬ್ರೂವಿನಲ್ಲಲ್ಲ, ಮುಂದೆ ಯೆಹೂದ್ಯರ ಆಡುಮಾತಾದ ಅರಾಮಿಕ್‌ನಲ್ಲೇ ಇವೆ. ಎಸ್ತೇರಳ ಕಥೆಯಂತೂ ಪರ್ಷಿಯಾದ ಅರಮನೆಯಲ್ಲೇ ನಡೆಯುತ್ತದೆ. ರಾಜನ 127 ಸಂಸ್ಥಾನಗಳು ‘ಹೊದ್ದು’ವಿನಿಂದ ಆಫ್ರಿಕಾದ ಕೂಷ್ ನಾಡಿನವರೆಗೆ ಎಂದು ಮೊದಲ ಸಾಲಿನಲ್ಲೇ ಇದೆ. ಹೊದ್ದು ಎಂದರೆ ನಮ್ಮ ಹಿಂದೂದೇಶ. ಇಂದಿಗೂ ಹೀಬ್ರೂವಿನಲ್ಲಿ ಭಾರತಕ್ಕೆ ಅದೇ ಹೆಸರು. ಅದೇ ಅಧ್ಯಾಯದಲ್ಲಿ ಔತಣದ ಪರದೆಗಳನ್ನು ಬಣ್ಣಿಸುವಾಗ ‘ಕರ್ಪಸ್’ ಎಂಬ ಪದ ಬರುತ್ತದೆ. ಅದು ನಮ್ಮ ಕಾರ್ಪಾಸ, ಹತ್ತಿ. ಸುಮ್ನೆ ತಮಾಷೆಗೆ ಹೇಳಿದ್ದಲ್ಲ, ಇಡೀ ತನಖ್‌ನಲ್ಲಿ ಆ ಪದ ಬರುವುದು ಅಲ್ಲಿ ಮಾತ್ರ.

ಜಾಸ್ತಿ ಜಗಳ ಇರುವುದು ದಾನಿಯೇಲನ ವಿಷಯದಲ್ಲಿ. ಸತ್ಯವೇದದಲ್ಲಿ ಅವನು ಯೆಹೆಜ್ಕೇಲನ ಪಕ್ಕ, ಪ್ರವಾದಿಗಳ ಸಾಲಿನಲ್ಲಿ ಕೂತಿದ್ದಾನೆ. ಮತ್ತಾಯನ ಸುವಾರ್ತೆಯೂ ಅವನನ್ನು ಪ್ರವಾದಿ ಎಂದೇ ಕರೆಯುತ್ತದೆ. ಕ್ರೈಸ್ತರು ಹಾಗೆ ಹೇಳುವುದರಲ್ಲಿ ತಪ್ಪಿಲ್ಲ. ಆದರೆ ‘ಯೆಹೂದ್ಯ ಗ್ರಂಥದ ಪ್ರವಾದಿ ದಾನಿಯೇಲ’ ಎಂದು ಬರೆದರೆ ಆ ಗ್ರಂಥ ಇಟ್ಟ ಜಾಗವನ್ನೇ ನೋಡಿಲ್ಲ ಎಂದಾಗುತ್ತದೆ. ಕಥೆ ಬಾಬಿಲೋನಿನವರು ಯೆಹೂದ್ಯರನ್ನು ಸೆರೆ ಒಯ್ದ ಕಾಲದ್ದು. ಪುಸ್ತಕ ಈಗಿನ ರೂಪ ಪಡೆದದ್ದು ಕ್ರಿ.ಪೂ. 164ರ ಸುಮಾರಿಗೆ, ಗ್ರೀಕ್ ರಾಜ ನಾಲ್ಕನೆಯ ಆಂಟಿಯೋಕಸ್ ಯೆಹೂದ್ಯರನ್ನು ಹಿಂಸಿಸಿದ ದಿನಗಳಲ್ಲಿ ಎಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಅಷ್ಟರಲ್ಲಿ ಪ್ರವಾದಿಗಳ ಸಂಗ್ರಹ ಮುಚ್ಚಿಹೋಗಿತ್ತು ಎನ್ನುವುದು ಅವರ ವಿವರಣೆ. ಯೆಹೂದ್ಯ ಗುರುಗಳ ಚರ್ಚೆಗಳ ಸಂಗ್ರಹವಾದ ತಾಲ್ಮುದ್ ಬೇರೆ ದಾರಿ ಹಿಡಿಯುತ್ತದೆ. ಹಗ್ಗಾಯ, ಜೆಕರ್ಯ, ಮಲಾಕಿಯ ಪ್ರವಾದಿಗಳು, ದಾನಿಯೇಲ ಅಲ್ಲ, ಆ ಲೆಕ್ಕದಲ್ಲಿ ಅವರೇ ಮೇಲು. ಆದರೆ ದರ್ಶನವನ್ನು ಕಂಡವನು ಅವನು, ಅವರು ಕಾಣಲಿಲ್ಲ, ಆ ಲೆಕ್ಕದಲ್ಲಿ ಅವನೇ ಮೇಲು. ಇಂಥ ಅಚ್ಚುಕಟ್ಟಾದ ತೀರ್ಪು ಇರುವಾಗ ನಾವ್ಯಾಕೆ ಹೊಸದಾಗಿ ಪಟ್ಟ ಕಟ್ಟಬೇಕು?

ಬಳಕೆಯಲ್ಲೂ ವ್ಯತ್ಯಾಸ ಇದೆ. ತೋರಾವನ್ನು ವಾರಕ್ಕೊಂದು ಭಾಗದಂತೆ ಯೆಹೂದ್ಯರ ಪ್ರಾರ್ಥನಾಮಂದಿರವಾದ ಸಿನಗಾಗ್‌ನಲ್ಲಿ ಓದುತ್ತಾರೆ. ಜೊತೆಗೆ ನೆವಿಯಿಮ್‌ನಿಂದ ಆಯ್ದ ತುಣುಕು, ಅದು ಹಫ್ತಾರಾ. ಕೆತುವಿಮ್‌ಗೆ ಇಂಥ ವಾರದ ಸರದಿ ಇಲ್ಲ. ಹಾಗಂತ ಅದು ಮೂಲೆಯಲ್ಲಿ ಬಿದ್ದಿಲ್ಲ. 145ನೆಯ ಕೀರ್ತನೆ ದಿನಕ್ಕೆ ಮೂರು ಸಲ ಪ್ರಾರ್ಥನೆಯಲ್ಲಿ ಬರುತ್ತದೆ. ಐದು ಚಿಕ್ಕ ಸುರುಳಿಗಳಿಗೆ, ಅಂದರೆ ಕೆತುವಿಮ್‌ನ ಐದು ಪುಟ್ಟ ಪುಸ್ತಕಗಳಿಗೆ, ಒಂದೊಂದು ಹಬ್ಬದ ಅಥವಾ ಉಪವಾಸದ ದಿನ ಇದೆ: ಪರಮಗೀತೆ ಪಸ್ಕಕ್ಕೆ, ರೂತಳು ಶಾವುಒತ್‌ಗೆ, ಪ್ರಲಾಪಗಳು ದೇವಾಲಯ ಬಿದ್ದದ್ದನ್ನು ನೆನೆಯುವ ಉಪವಾಸಕ್ಕೆ, ಪ್ರಸಂಗಿ ಸುಕ್ಕೋತ್‌ಗೆ, ಎಸ್ತೇರಳು ಪೂರಿಮ್‌ಗೆ. ಪದ್ಧತಿ ಸಮುದಾಯದಿಂದ ಸಮುದಾಯಕ್ಕೆ ಸ್ವಲ್ಪ ಬದಲಾಗುತ್ತದೆ. ಎಸ್ತೇರಳ ಹೀಬ್ರೂ ಪಠ್ಯದಲ್ಲಿ ದೇವರ ಹೆಸರು ಒಮ್ಮೆಯೂ ಇಲ್ಲ. ಆದರೂ ಜನ ಹೆಚ್ಚು ಗದ್ದಲ ಮಾಡಿ ಕೇಳುವ ಸುರುಳಿ ಅದೇ.

ಪರಮಗೀತೆ, ಪ್ರಸಂಗಿ ಎರಡನ್ನೂ ಪವಿತ್ರ ಎನ್ನಬಹುದೇ ಎಂಬ ವಾದ ಯೆಹೂದ್ಯರ ಹಳೆಯ ಧರ್ಮಶಾಸ್ತ್ರ ಸಂಗ್ರಹವಾದ ಮಿಶ್ನಾದಲ್ಲಿ ದಾಖಲಾಗಿದೆ. ಕೆತುವಿಮ್ ಎಲ್ಲವೂ ಪವಿತ್ರ, ಪರಮಗೀತೆಯೋ ಪವಿತ್ರಗಳಲ್ಲೇ ಅತಿ ಪವಿತ್ರ ಎಂದು ರಬ್ಬಿ (ಧರ್ಮಗುರು) ಅಕೀವಾ ಅಲ್ಲಿ ಖಂಡಿತವಾಗಿ ಹೇಳುತ್ತಾರೆ.

ಇನ್ನು ಕ್ರಮ. ಅಚ್ಚಾದ ಹೀಬ್ರೂ ಪ್ರತಿಗಳಲ್ಲಿ ಸಾಮಾನ್ಯವಾಗಿ ಪೂರ್ವಕಾಲವೃತ್ತಾಂತವೇ ಕೊನೆ. ಅದು ಯೆಹೂದ್ಯರು ಯೆರೂಸಲೇಮಿಗೆ ಮರಳಬಹುದು ಎಂಬ ಪರ್ಷಿಯಾದ ಕೋರೆಷ ರಾಜನ ಆಜ್ಞೆಯ ಹತ್ತಿರ ನಿಲ್ಲುತ್ತದೆ. ಮುಂದಿನ ಕಥೆ ಎಜ್ರದಲ್ಲಿದೆ, ಆದರೆ ಎಜ್ರ ಮೊದಲೇ ಬಂದು ಹೋಗಿರುತ್ತದೆ! 11ನೆಯ ಶತಮಾನದ ಆರಂಭದ ಲೆನಿನ್‌ಗ್ರಾಡ್ ಹಸ್ತಪ್ರತಿಯಲ್ಲಂತೂ ವೃತ್ತಾಂತ ಕೆತುವಿಮ್‌ನ ಮೊದಲ ಪುಸ್ತಕ. ಸತ್ಯವೇದದ ಕ್ರಮವೇ ಬೇರೆ, ಅಲ್ಲಿ ಹಳೆಯ ಒಡಂಬಡಿಕೆ ಮಲಾಕಿಯನಲ್ಲಿ ಮುಗಿಯುತ್ತದೆ. ಯೆಹೂದ್ಯರ 24 ಪುಸ್ತಕ, ಪ್ರಾಟೆಸ್ಟಂಟರ 39 ಪುಸ್ತಕ ಎಂದು ನೋಡಿ ‘15 ಕಡಿಮೆ’ ಎಂದು ಹೇಳುವವರಿಗೂ ಉತ್ತರ ಇದೇ. ಪಠ್ಯ ಅದೇ, ಕಟ್ಟಿದ ಕ್ರಮ ಮತ್ತು ಎಣಿಸಿದ ರೀತಿ ಮಾತ್ರ ಬೇರೆ.