ಇಪ್ಪತ್ನಾಲ್ಕಕ್ಕೆ ಹನ್ನೊಂದು ಬಂದರೆ ಫೇಲಾ ಮೇಡಂ?

"ಮೇಡಂ, ನಂಗೆ ಹನ್ನೊಂದು ಬಂತು. ಪಾಸಾ, ಫೇಲಾ?"

ಕಳೆದ ಮಳೆಗಾಲ ತೀರ್ಥಹಳ್ಳಿ ಕಡೆಯ ಒಂದು ಪಿಯು ಕಾಲೇಜಿನಲ್ಲಿ, ಆಶಾವಾದ ಅಳೆಯುವ ಪ್ರಶ್ನಾವಳಿಯೊಂದನ್ನು ತುಂಬಿ ಅಂಕೆ ಕೂಡಿದ ಮೇಲೆ ಕೊನೆಯ ಬೆಂಚಿನ ಹುಡುಗನೊಬ್ಬ ಕೇಳಿದ ಪ್ರಶ್ನೆ ಇದು. ಒದ್ದೆ ಕೊಡೆಯನ್ನು ಮೊಣಕಾಲ ಸಂದಿಯಲ್ಲಿ ಒತ್ತಿಹಿಡಿದು ಕೂತಿದ್ದ. ಕೊಡೆಯಿಂದ ಇಳಿದ ನೀರು ಬೆಂಚಿನ ಕೆಳಗೆ ಸಣ್ಣ ಹಳ್ಳವಾಗಿತ್ತು. ಪಕ್ಕದವನಿಗೆ ಹತ್ತೊಂಬತ್ತು. ಅವನು ಆಗಲೇ ಅದನ್ನು ಇಡೀ ಕ್ಲಾಸಿಗೆ ಹೇಳಿಯಾಗಿತ್ತು.

ನಾನು ಆಪ್ತ ಸಮಾಲೋಚಕಿ. ಶಿವಮೊಗ್ಗದಲ್ಲಿ ಒಂದು ಸಣ್ಣ ಕೋಣೆ ಇದೆ. ವಾರಕ್ಕೆರಡು ದಿನ ಬಸ್ಸು ಹತ್ತಿ ಸುತ್ತಲಿನ ಕಾಲೇಜುಗಳಿಗೆ ಹೋಗುತ್ತೇನೆ. ತಮ್ಮಲ್ಲಿ ಆಶಾವಾದ ಎಷ್ಟಿದೆ ಅಂತ ಮಕ್ಕಳು ತಾವೇ ನೋಡಿಕೊಳ್ಳುವುದನ್ನು ಕಲಿಸುವುದೂ ನನ್ನ ಕೆಲಸದಲ್ಲಿ ಸೇರಿದೆ. ಈ 'ಪಾಸಾ ಫೇಲಾ' ಪ್ರಶ್ನೆಯನ್ನು ಎಷ್ಟು ಸಲ ಕೇಳಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಮಕ್ಕಳು ಕೇಳಿದರೆ ಬೇಜಾರಿಲ್ಲ. ಕಾಗದದ ಮೇಲೆ ಅಂಕೆ ಕಂಡರೆ ಅದು ಮಾರ್ಕ್ಸೇ ಅಂತ ಒಂದನೇ ಕ್ಲಾಸಿನಿಂದ ಕಲಿತು ಬಂದಿದ್ದಾರೆ. ಮೇಷ್ಟ್ರುಗಳು, ಅಪ್ಪ-ಅಮ್ಮಂದಿರು ಕೇಳಿದಾಗ ಮಾತ್ರ ತಲೆ ಬಿಸಿಯಾಗುತ್ತದೆ.

ನಾನು ಬಳಸುವುದು ಲೈಫ್ ಓರಿಯೆಂಟೇಶನ್ ಟೆಸ್ಟ್ ಎಂಬ ಪುಟ್ಟ ಪ್ರಶ್ನಾವಳಿ. ಮೈಕೆಲ್ ಶೈಯರ್, ಚಾರ್ಲ್ಸ್ ಕಾರ್ವರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1985ರಲ್ಲಿ ಮಾಡಿದ್ದು, 1994ರಲ್ಲಿ ತಿದ್ದಿದ್ದು. ತಿದ್ದಿದ ಮೇಲೆ ಹತ್ತು ಹೇಳಿಕೆಗಳಿವೆ. ಪ್ರತಿಯೊಂದನ್ನೂ ಎಷ್ಟು ಒಪ್ಪುತ್ತೀರಿ ಅಂತ 0ಯಿಂದ 4ರವರೆಗೆ ಗುರುತು ಹಾಕಬೇಕು. ನಾಲ್ಕು ಹೇಳಿಕೆಗಳು ಸುಮ್ನೆ ಸೇರಿಸಿದ್ದು. ಏನನ್ನು ಅಳೆಯುತ್ತಿದ್ದಾರೆ ಅಂತ ಥಟ್ಟನೆ ಗೊತ್ತಾಗಬಾರದಲ್ಲ, ಅದಕ್ಕೆ. ಲೆಕ್ಕಕ್ಕೆ ಬರುವುದು ಉಳಿದ ಆರೇ. ಅದರಲ್ಲಿ ಮೂರು ನೇರ, ಅಂದರೆ ಒಳ್ಳೆಯದಾಗುತ್ತದೆ ಅನ್ನುವಂಥವು; ಮೂರು ತಿರುವುಮುರುವು, ಅಂದರೆ ಆಗುವುದಿಲ್ಲ ಅನ್ನುವಂಥವು. ತಿರುವಿನವಕ್ಕೆ ಅಂಕೆಯನ್ನೂ ತಿರುಗಿಸಿ (4 ಇದ್ದರೆ 0, 3 ಇದ್ದರೆ 1, ಹೀಗೆ) ಕೂಡಬೇಕು. ಎಲ್ಲ ಸೇರಿ ಹೆಚ್ಚೆಂದರೆ 24.

ಇದರಲ್ಲಿ ಪಾಸ್ ಮಾರ್ಕ್ಸ್ ಅಂತ ಇಲ್ಲ. ಇದನ್ನು ಮಾಡಿದವರೇ ಇಟ್ಟಿಲ್ಲ. ಇಷ್ಟರ ಮೇಲಿದ್ದರೆ ಆಶಾವಾದಿ, ಇಷ್ಟರ ಕೆಳಗಿದ್ದರೆ ನಿರಾಶಾವಾದಿ ಅನ್ನುವ ಗೆರೆಯೇ ಅಲ್ಲಿಲ್ಲ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಜನ ಎಲ್ಲೆಲ್ಲೋ ನಿಂತಿರುತ್ತಾರೆ, ಅಷ್ಟೇ.

ಇದನ್ನು ನಾನು ಮಕ್ಕಳಿಗೆ ಮಳೆಯ ಉದಾಹರಣೆ ಕೊಟ್ಟು ಹೇಳುತ್ತೇನೆ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತದೆ. ಶಿಕಾರಿಪುರದಲ್ಲಿ ಅದರ ಕಾಲು ಭಾಗವೂ ಬರುವುದಿಲ್ಲ. ಹಾಗಂತ ಶಿಕಾರಿಪುರ ಫೇಲಾ? ಅಲ್ಲಿ ಮೆಕ್ಕೆಜೋಳ ಬೆಳೆಯಲ್ವಾ? ಆಗುಂಬೆಯಲ್ಲಿ ಮೆಕ್ಕೆಜೋಳ ಹಾಕಿ ನೋಡಿ ಅಂದರೆ ಮಕ್ಕಳು ನಗುತ್ತಾರೆ. ನಕ್ಕ ಮೇಲೆ ಒಬ್ಬ ಕೈ ಎತ್ತುತ್ತಾನೆ. "ಆದ್ರೂ ಮೇಡಂ, ಒಳ್ಳೇ ಸ್ಕೋರ್ ಅಂದ್ರೆ ಎಷ್ಟು?"

ಮತ್ತೆ ಮೊದಲಿನಿಂದ ಶುರು.

ಈ ಅಂಕೆ ಹೇಳುವುದು ಒಂದೇ ಸಂಗತಿ. ಮುಂದೆ ನನಗೆ ಒಳ್ಳೆಯದೇ ಆಗುತ್ತದೆ ಅಂತ ಈ ಹುಡುಗ, ಈ ಹುಡುಗಿ ಸಾಮಾನ್ಯವಾಗಿ ಎಷ್ಟು ನಿರೀಕ್ಷೆ ಇಟ್ಟುಕೊಂಡಿದ್ದಾರೆ ಅಂತ. ಜಾಣತನ ಎಷ್ಟು, ಧೈರ್ಯ ಎಷ್ಟು, ಸ್ವಭಾವ ಎಷ್ಟು ಒಳ್ಳೆಯದು, ಇದ್ಯಾವುದನ್ನೂ ಅದು ಹೇಳುವುದಿಲ್ಲ. ಪಿಯುಸಿಯಲ್ಲಿ ಎಷ್ಟು ಬರುತ್ತೆ ಅಂತಂತೂ ಖಂಡಿತ ಹೇಳುವುದಿಲ್ಲ. ದೊಡ್ಡ ಗುಂಪುಗಳನ್ನು ನೋಡಿದರೆ, ಹೆಚ್ಚು ಅಂಕೆ ಬಂದವರು ಕಷ್ಟ ಬಂದಾಗ ಸ್ವಲ್ಪ ಚೆನ್ನಾಗಿ ತಡೆದುಕೊಳ್ಳುತ್ತಾರೆ ಅನ್ನುವುದಕ್ಕೆ ಸಾಕಷ್ಟು ಅಧ್ಯಯನಗಳಿವೆ. ಅದು ಗುಂಪಿನ ಮಾತು. ನನ್ನೆದುರು ಒದ್ದೆ ಕೊಡೆ ಹಿಡಿದು ಕೂತ ಒಬ್ಬನ ಬಗ್ಗೆ ಅದರಿಂದ ಭವಿಷ್ಯ ಹೇಳಲು ಬರುವುದಿಲ್ಲ.

ಕೆಲವು ವರ್ಷದ ಹಿಂದೆ ಒಂದು ಕಾಲೇಜಿನವರು ನನ್ನಿಂದ ಹಾಳೆಗಳನ್ನು ಇಸಿದುಕೊಂಡರು. ಮಾರನೆಯ ವಾರ ಹೋಗಿ ನೋಡುತ್ತೇನೆ, ನೋಟಿಸ್ ಬೋರ್ಡಿನಲ್ಲಿ ರೋಲ್ ನಂಬರ್ ಸಮೇತ ಪಟ್ಟಿ ಅಂಟಿಸಿದ್ದಾರೆ. ಹನ್ನೆರಡಕ್ಕಿಂತ ಕಡಿಮೆ ಇದ್ದವರ ಹೆಸರಿನ ಕೆಳಗೆ ಕೆಂಪು ಗೆರೆ. ಅವರ ಪೋಷಕರಿಗೆ ಫೋನೂ ಹೋಗಿತ್ತು. ಕೆಂಪು ಗೆರೆಯ ಮಕ್ಕಳಲ್ಲಿ ಒಬ್ಬಳು ಮುಂದಿನ ಸಲ ಎಲ್ಲದಕ್ಕೂ ನಾಲ್ಕು ಹಾಕಿದ್ದಳು. ನೇರ, ತಿರುವು ಎರಡಕ್ಕೂ ನಾಲ್ಕೇ. ತಿರುಗಿಸಿ ಕೂಡಿದರೆ ಸರಿಯಾಗಿ ಹನ್ನೆರಡು ಬಂತು. ತಪ್ಪು ನಂದೂ ಇತ್ತು, ಹಾಳೆ ಕೊಡಲೇಬಾರದಿತ್ತು. ಅಂದಿನಿಂದ ಹಾಳೆ ಬರೆದವರ ಹತ್ತಿರವೇ ಉಳಿಯುತ್ತದೆ. ಹೆಸರು ಬರೆಸುವುದಿಲ್ಲ. ಕೂಡುವುದೂ ಅವರೇ.

ಹಾಳೆಯನ್ನು ಕನ್ನಡದಲ್ಲಿ ತುಂಬಿಸುವುದರಲ್ಲಿ ಇನ್ನೊಂದು ಫಜೀತಿ ಇದೆ. ತಿರುವಿನ ಒಂದು ಹೇಳಿಕೆಯ ಅರ್ಥ ಹೆಚ್ಚುಕಡಿಮೆ ಹೀಗೆ: ನನಗೆ ಒಳ್ಳೆಯದಾಗುತ್ತದೆ ಅಂತ ನಾನು ನೆಚ್ಚಿಕೊಳ್ಳುವುದು ಅಪರೂಪ. ಇದನ್ನು ಒಪ್ಪುವುದಿಲ್ಲ ಅಂದರೆ ಏನರ್ಥ? ದೊಡ್ಡವರೂ ಒಂದು ನಿಮಿಷ ನಿಲ್ಲುತ್ತಾರೆ. ಅರ್ಧ ಕ್ಲಾಸು ಉಲ್ಟಾ ಗುರುತು ಹಾಕಿರುತ್ತದೆ. ಅದಕ್ಕೇ ನಾನು ಅದನ್ನು ಎರಡು ಸಲ ಓದಿ ಹೇಳುತ್ತೇನೆ, ಮನೆಮಾತಿನಲ್ಲಿ ಇನ್ನೊಂದು ಸಲ.

ಇಷ್ಟೆಲ್ಲ ಮಾಡಿದ ಮೇಲೂ ಹೊಸನಗರದ ಒಬ್ಬ ಹುಡುಗಿ ನನಗೆ ಪಾಠ ಕಲಿಸಿದಳು. ಸದಾ ನಗುನಗುತ್ತಾ ಇರುವವಳು. ನರ್ಸಿಂಗ್ ಸೇರುವುದು, ಮಂಗಳೂರಿಗೆ ಹೋಗುವುದು, ಎಲ್ಲ ನಿಶ್ಚಯ ಮಾಡಿಕೊಂಡಿದ್ದಳು. ಅಂಕೆ ಬಂದಿದ್ದು ಎಂಟು. ಯಾಕೆ ಅಂತ ಕೇಳಿದೆ. "ಒಳ್ಳೇದೇ ಆಗ್ತದೆ ಅಂತ ಬರೆದಿಟ್ರೆ ದೃಷ್ಟಿ ಆಗಲ್ವಾ ಮೇಡಂ?" ಅಂದಳು. ಅವರ ಅಜ್ಜಿ ಹೇಳಿಕೊಟ್ಟಿದ್ದಂತೆ. ಅವಳ ಮನಸ್ಸಿನಲ್ಲಿ ನಿರೀಕ್ಷೆಗೇನೂ ಬರವಿರಲಿಲ್ಲ. ಬಾಯಿ ಬಿಟ್ಟು ಹೇಳಬಾರದು, ಅಷ್ಟೇ.

ನಮ್ಮ ಕಡೆ ಇದು ಹೊಸದಲ್ಲ ಬಿಡಿ. ಅಡಿಕೆ ತೋಟದವರನ್ನು 'ಈ ವರ್ಷ ಫಸಲು ಹೇಗಿದೆ' ಅಂತ ಕೇಳಿ. ಚೆನ್ನಾಗಿದೆ ಅಂದವರನ್ನು ನಾನಂತೂ ಕಂಡಿಲ್ಲ. ನನ್ನ ಅಪ್ಪ ಬದುಕಿದ್ದಷ್ಟು ದಿನವೂ ಮೇ ತಿಂಗಳಲ್ಲಿ ಒಂದೇ ಮಾತು, "ಈ ಸಲ ಕೊಳೆ ಗ್ಯಾರಂಟಿ, ಏನೂ ಉಳಿಯಲ್ಲ." ಕೊಳೆ ಅಂದರೆ ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ರೋಗ. ಹಾಗೆ ಹೇಳುತ್ತಲೇ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರಿಗೆ ಬೆರೆಸುತ್ತಿದ್ದರು. ಮಳೆ ಹಿಡಿಯುವ ಮೊದಲು ಒಂದು ಔಷಧಿ, ನಲವತ್ತು-ನಲವತ್ತೈದು ದಿನಕ್ಕೆ ಇನ್ನೊಂದು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಸಿಗದಿದ್ದರೆ ಊಟ ಸೇರುತ್ತಿರಲಿಲ್ಲ. ಏನೂ ಉಳಿಯಲ್ಲ ಅಂತ ನಿಜವಾಗಿ ನಂಬಿದವರು ಇಷ್ಟು ಒದ್ದಾಡುತ್ತಾರಾ? ಅಪ್ಪನಿಗೆ ಈ ಹಾಳೆ ಕೊಟ್ಟಿದ್ದರೆ ಐದೋ ಆರೋ ಬರುತ್ತಿತ್ತು.

ಇಂಥವರ ಈ ರೀತಿಗೆ ಮನಶ್ಶಾಸ್ತ್ರದಲ್ಲಿ ಹೆಸರೇ ಇದೆ: ಡಿಫೆನ್ಸಿವ್ ಪೆಸಿಮಿಸಂ, ಅಂದರೆ ತನ್ನನ್ನು ಕಾಪಾಡಿಕೊಳ್ಳಲು ಇಟ್ಟುಕೊಂಡ ನಿರಾಶಾವಾದ. ಜೂಲಿ ನೋರೆಮ್, ನ್ಯಾನ್ಸಿ ಕ್ಯಾಂಟರ್ ಎಂಬ ಮನಶ್ಶಾಸ್ತ್ರಜ್ಞೆಯರು 1986ರಲ್ಲಿ ಇದರ ಬಗ್ಗೆ ಬರೆದರು. ಕೆಟ್ಟದ್ದೇ ಆಗುತ್ತೆ ಅಂದುಕೊಂಡು, ಏನೇನು ಕೆಡಬಹುದು ಅಂತ ಒಂದೊಂದಾಗಿ ಯೋಚಿಸಿ, ಒಂದೊಂದಕ್ಕೂ ತಯಾರಿ ಮಾಡಿಕೊಳ್ಳುವ ಜನ ಇವರು. ಅಂಥವರಿಗೆ 'ನೀನು ಚೆನ್ನಾಗೇ ಮಾಡ್ತೀಯ ಬಿಡು' ಅಂತ ಧೈರ್ಯ ತುಂಬಿದರೆ ಅವರ ಕೆಲಸ ಕೆಡುತ್ತದೆ ಅಂತ ನೋರೆಮ್, ಕ್ಯಾಂಟರ್ ಮಾಡಿದ ಪ್ರಯೋಗದಲ್ಲಿ ಕಂಡುಬಂತು.

ಸಾಗರದ ಕಡೆಯ ಒಬ್ಬ ವಿದ್ಯಾರ್ಥಿನಿ ನನಗೆ ನೆನಪಾಗುತ್ತಾಳೆ. ಪ್ರತಿ ಪರೀಕ್ಷೆಗೂ ಪಟ್ಟಿ ಮಾಡುತ್ತಿದ್ದಳು. ಮರ ಬಿದ್ದು ಬಸ್ಸು ಬರದಿದ್ದರೆ? ಹಿಂದಿನ ರಾತ್ರಿ ಪೇಟೆಯ ಚಿಕ್ಕಮ್ಮನ ಮನೆಯಲ್ಲಿ ಉಳಿಯುವುದು. ಕರೆಂಟ್ ಹೋದರೆ? ಮೇಣದಬತ್ತಿ ಎರಡು. ಮೂರನೇ ಪಾಠದಿಂದಲೇ ಪ್ರಶ್ನೆ ಬಂದರೆ? ಅದನ್ನು ಇನ್ನೊಂದು ಸಲ ಓದುವುದು. ಯಾವುದೋ ಶಿಬಿರದಲ್ಲಿ ಅವಳಿಗೆ 'ನೆಗೆಟಿವ್ ಥಿಂಕಿಂಗ್ ಬಿಡು, ಪಾಸಿಟಿವ್ ಆಗಿರು' ಅಂತ ಹೇಳಿ ಪಟ್ಟಿ ಹರಿಸಿದರು. ಪಟ್ಟಿ ಹೋಯಿತು, ಭಯ ಹೋಗಲಿಲ್ಲ. ನನ್ನ ಹತ್ತಿರ ಬಂದಾಗ ನಿದ್ದೆ ಬಿಟ್ಟು ಹತ್ತು ದಿನವಾಗಿತ್ತು. ನಾನು ಮಾಡಿದ್ದಿಷ್ಟೇ, ಒಂದು ನೋಟ್‌ಬುಕ್ ಕೊಟ್ಟು 'ಪಟ್ಟಿ ಮತ್ತೆ ಬರಿ ಮಾರಾಯ್ತಿ' ಅಂದೆ.

ಹಾಗಾದರೆ ಆಶಾವಾದವೇ ಬೇಡವಾ ಅಂತ ಕೇಳಬೇಡಿ. ಬೇಕು. ಆದರೆ ಜಾಸ್ತಿಯಾದರೂ ಗೊತ್ತಾಗುವುದಿಲ್ಲ, ಅದು ನನ್ನ ಚಿಂತೆ. ನೀಲ್ ವೈನ್‌ಸ್ಟೈನ್ ಎಂಬವರು 1980ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಜೊತೆಯ ವಿದ್ಯಾರ್ಥಿಗಳಿಗೆ ಹೋಲಿಸಿದರೆ ನಿಮಗೆ ಒಳ್ಳೆಯದಾಗುವ, ಕೆಟ್ಟದಾಗುವ ಸಾಧ್ಯತೆ ಎಷ್ಟು ಅಂತ ಅಮೆರಿಕದ ಕಾಲೇಜು ವಿದ್ಯಾರ್ಥಿಗಳನ್ನು ಕೇಳಿದ್ದರು. ಒಳ್ಳೆಯದೆಲ್ಲ ತಮಗೆ ಹೆಚ್ಚು, ಕೆಟ್ಟದ್ದು ತಮಗೆ ಕಡಿಮೆ ಅಂದುಕೊಂಡವರೇ ಅಲ್ಲಿ ಹೆಚ್ಚು. ಎಲ್ಲರೂ ಸರಾಸರಿಗಿಂತ ಅದೃಷ್ಟವಂತರಾಗಲು ಸಾಧ್ಯವಿಲ್ಲವಲ್ಲ. ನಾನು ಇದನ್ನೇ ಇಲ್ಲಿ ಚೀಟಿಯಲ್ಲಿ ಮಾಡಿಸುತ್ತೇನೆ. 'ಮಳೆಯಲ್ಲಿ ಬೈಕಿನಲ್ಲಿ ಜೋಗಕ್ಕೆ ಹೋಗುತ್ತೀರಿ. ಜಾರಿ ಬೀಳುವ ಸಾಧ್ಯತೆ ನಿಮಗೆ ಕ್ಲಾಸಿನ ಉಳಿದವರಿಗಿಂತ ಜಾಸ್ತಿಯಾ, ಕಡಿಮೆಯಾ, ಅಷ್ಟೇನಾ?' ಚೀಟಿ ಬಿಡಿಸಿದರೆ ಪ್ರತಿ ಸಲವೂ 'ಕಡಿಮೆ'ಯ ರಾಶಿಯೇ ದೊಡ್ಡದು. ಒಂದು ಕಡೆ 'ನಾನು ಬೀಳಲ್ಲ, ಹಿಂದೆ ಕೂತವನು ಬೀಳ್ತಾನೆ' ಅಂತ ಬರೆದಿತ್ತು.

ತಮ್ಮನ್ನು ತಾವು ನೋಡಿಕೊಳ್ಳಬೇಕು ಅನ್ನುವ ವಿದ್ಯಾರ್ಥಿಗಳಿಗೆ ನಾನು ಹೇಳುವುದು, ಹಾಳೆಯನ್ನು ಎರಡು ಸಲ ತುಂಬಿ, ನಡುವೆ ಕೆಲವು ವಾರ ಬಿಡಿ. ನಾಲ್ಕು ದಿನದಿಂದ ಕರೆಂಟಿಲ್ಲ, ಬಟ್ಟೆ ಒಣಗಿಲ್ಲ, ಅಂಥ ದಿನ ತುಂಬಿದ ಅಂಕೆಯನ್ನೇ ನೆಚ್ಚಿಕೊಂಡು ಕೂರಬೇಡಿ. ಎರಡು ಸಲವೂ ಹತ್ತಿರ ಹತ್ತಿರ ಬಂದರೆ ಅದು ನಿಮ್ಮ ಸಾಮಾನ್ಯ ಮಟ್ಟ ಇರಬಹುದು. 'ಇರಬಹುದು' ಅಂತಲೇ ಹೇಳುತ್ತೇನೆ. ಹಾಗೇ ಇದು ಒಟ್ಟಾರೆ ಬದುಕಿನ ನಿರೀಕ್ಷೆ. ಲೆಕ್ಕದಲ್ಲಿ ಒಂದು ರೀತಿ, ಕಬಡ್ಡಿಯಲ್ಲಿ ಇನ್ನೊಂದು ರೀತಿ ಇದ್ದರೆ ಅದು ಇಲ್ಲಿ ಕಾಣುವುದಿಲ್ಲ.

ಅದಕ್ಕಿಂತ ಹೆಚ್ಚು ಕಲಿಸುವುದು ಸೋತ ಮೇಲೆ ಬಾಯಿಂದ ಬರುವ ಮಾತು. ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್‌ಮನ್ ಮತ್ತವರ ಜೊತೆಯವರು ಕೆಲಸ ಮಾಡಿದ್ದು ಇದರ ಮೇಲೆ. ಕಡಿಮೆ ಮಾರ್ಕ್ಸ್ ಬಂದ ದಿನ ಒಬ್ಬ 'ನಾನು ದಡ್ಡ' ಅನ್ನುತ್ತಾನೆ. ಇನ್ನೊಬ್ಬ 'ಈ ಸಲ ಎರಡು ಪಾಠ ಬಿಟ್ಟಿದ್ದೆ' ಅನ್ನುತ್ತಾನೆ. ಮೊದಲನೆಯವನ ಮಾತಿನಲ್ಲಿ ಸೋಲು ಯಾವತ್ತಿಗೂ ಇರುವಂಥದ್ದು, ಎಲ್ಲ ವಿಷಯಕ್ಕೂ ಹಬ್ಬಿದ್ದು. ಎರಡನೆಯವನಲ್ಲಿ ಅದು ಈ ಸಲಕ್ಕೆ, ಆ ಎರಡು ಪಾಠಕ್ಕೆ ಮುಗಿಯಿತು. ಗಮನಿಸಿ, ಇಬ್ಬರೂ ತಪ್ಪು ತಮ್ಮದೇ ಅನ್ನುತ್ತಿದ್ದಾರೆ. 'ಪೇಪರ್ ತಿದ್ದಿದವರು ಸರಿಯಿಲ್ಲ' ಅನ್ನುವುದೇ ಆಶಾವಾದ ಅಂತ ಕೆಲವು ಜಾಣರು ತಿಳಿದಿದ್ದಾರೆ, ಅದಕ್ಕೆ ಹೇಳಿದೆ.

ಒಂದು ಎಚ್ಚರಿಕೆ. ಕಡಿಮೆ ಅಂಕೆ ಅಂದರೆ ಖಿನ್ನತೆ ಅಲ್ಲ. ಹೆಚ್ಚು ಅಂಕೆ ಬಂತು ಅಂತ ಖಿನ್ನತೆ ಇಲ್ಲ ಅಂತಲೂ ಅಲ್ಲ. ಎರಡು ವಾರದಿಂದ ಊಟ-ನಿದ್ದೆ ಸರಿಯಿಲ್ಲ, ಯಾವುದೂ ಬೇಡ ಅನ್ನಿಸುತ್ತಿದೆ, ಇಲ್ಲವೇ ಬದುಕೇ ಸಾಕು ಅನ್ನುವ ಮಾತು ಬರುತ್ತಿದೆ ಅಂದರೆ ಪ್ರಶ್ನಾವಳಿ ಪಕ್ಕಕ್ಕಿಡಿ. ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು.

ಕೊಡೆಯ ಹುಡುಗನ ಕಥೆಗೆ ಬರುತ್ತೇನೆ. ಅವನಿಗೂ ಪಕ್ಕದವನಿಗೂ ಒಂದು ಕೆಲಸ ಕೊಟ್ಟೆ. ಪ್ರತಿ ಯೂನಿಟ್ ಟೆಸ್ಟಿಗೂ ಮೊದಲು ಎಷ್ಟು ಬರುತ್ತೆ ಅಂತ ಚೀಟಿಯಲ್ಲಿ ಬರೆದು ಮಡಚಿ ಲೆಕ್ಚರರ್ ಹತ್ತಿರ ಕೊಡಬೇಕು. ಉತ್ತರ ಪತ್ರಿಕೆ ಕೈಗೆ ಬಂದ ದಿನ ಬಿಡಿಸಿ ನೋಡಬೇಕು. ಅಕೌಂಟೆನ್ಸಿ, ಐವತ್ತಕ್ಕೆ. ಮೊದಲ ಸಲ ಹನ್ನೊಂದರವನು 15 ಬರೆದಿದ್ದ, ಬಂದಿದ್ದು 29. ಹತ್ತೊಂಬತ್ತರವನು 42 ಬರೆದಿದ್ದ, ಬಂದಿದ್ದು 27. ಎರಡನೇ ಸಲ ಇವನು 16 ಬರೆದು 31 ತೆಗೆದ. ಅವನು ಮತ್ತೆ 42 ಬರೆದು 30 ತೆಗೆದ. ಇಬ್ಬರನ್ನೂ ಕೂರಿಸಿ ನಾಲ್ಕೂ ಚೀಟಿಗಳನ್ನು ಮೇಜಿನ ಮೇಲೆ ಹರಡಿದೆ. ನಾನೇನೂ ಹೇಳಲಿಲ್ಲ. ಹನ್ನೊಂದರವನು ಬಹಳ ಹೊತ್ತು ನೋಡಿ, "ನಾನು ಯಾಕೆ ಹಿಂಗೆ ಬರೀತೀನಿ?" ಅಂತ ತನ್ನಷ್ಟಕ್ಕೆ ಅಂದುಕೊಂಡ.

ಮೂರನೇ ಟೆಸ್ಟಿನ ಚೀಟಿಗಳು ಹೋದ ವಾರ ಬಂದವು. ಇವನು 16 ಬರೆದು, ಅದನ್ನು ಹೊಡೆದು, ಪಕ್ಕದಲ್ಲಿ 22 ಬರೆದಿದ್ದಾನೆ. ಅವನದ್ದು ಈ ಸಲವೂ 42.