ಪದ ಪರಿಚಯ: ಗರ್ಭನಿರೋಧಕಗಳ ವೈಫಲ್ಯ ದರ

ಒಂದು ಗರ್ಭನಿರೋಧಕ ವಿಧಾನವನ್ನು ನೂರು ಮಹಿಳೆಯರು ಒಂದು ವರ್ಷ ಕಾಲ ಅನುಸರಿಸಿದಾಗ ಅವರಲ್ಲಿ ಎಷ್ಟು ಮಂದಿ ಗರ್ಭ ಧರಿಸುತ್ತಾರೆ ಎಂಬ ಎಣಿಕೆಯನ್ನು ಆ ವಿಧಾನದ ವೈಫಲ್ಯ ದರ ಎನ್ನುತ್ತಾರೆ. ಈ ಬಗೆಯ ಅಳತೆಗೆ 1930ರ ದಶಕದಲ್ಲಿ ಸೂತ್ರ ಕೊಟ್ಟವರು ಅಮೆರಿಕದ ಜೀವವಿಜ್ಞಾನಿ ರೇಮಂಡ್ ಪರ್ಲ್. ಆದ್ದರಿಂದ ‘ಪರ್ಲ್ ಸೂಚ್ಯಂಕ’ ಎಂಬ ಹೆಸರೂ ಬಳಕೆಯಲ್ಲಿದೆ. ಯಾವ ವಿಧಾನವನ್ನೂ ಅನುಸರಿಸದಿದ್ದರೆ ವರ್ಷದೊಳಗೆ ನೂರರಲ್ಲಿ ಸುಮಾರು 85 ಮಂದಿ ಗರ್ಭಿಣಿಯರಾಗುತ್ತಾರೆ ಎಂಬ ಅಂದಾಜನ್ನು ಮನಸ್ಸಿನಲ್ಲಿಟ್ಟುಕೊಂಡು ಉಳಿದ ಅಂಕಿಗಳನ್ನು ಓದಬೇಕು.

ಪ್ರತಿ ವಿಧಾನಕ್ಕೂ ಎರಡು ದರಗಳಿರುತ್ತವೆ. ಒಂದು, ಸೂಚನೆಗಳನ್ನು ಒಮ್ಮೆಯೂ ತಪ್ಪದೆ ಪಾಲಿಸಿದಾಗಿನದು. ಇನ್ನೊಂದು, ಮರೆವು, ಪ್ರಯಾಣ, ಔಷಧಿ ಸಿಗದ ದಿನಗಳೆಲ್ಲ ಸೇರಿದ ನಿಜಜೀವನದ್ದು. ಅಮೆರಿಕದ ಅಂದಾಜುಗಳಂತೆ, ದಿನವೂ ನುಂಗುವ ಗುಳಿಗೆಯ ಮೊದಲ ದರ ನೂರಕ್ಕೆ 0.3, ಎರಡನೆಯದು 7. ಕಾಂಡೋಮ್‌ಗೆ ಕ್ರಮವಾಗಿ 2 ಮತ್ತು 13. ವೀರ್ಯಸ್ಖಲನಕ್ಕೆ ಮುಂಚೆ ಹಿಂದೆಗೆಯುವ ಕ್ರಮವನ್ನೇ ನಂಬಿದವರಲ್ಲಿ ಸುಮಾರು 20 ಮಂದಿ ವರ್ಷದೊಳಗೆ ಗರ್ಭಿಣಿಯರಾಗುತ್ತಾರೆ. ಮೂರು ತಿಂಗಳಿಗೊಮ್ಮೆ ಕೊಡುವ, ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಅಂತರಾ’ ಎಂದು ಹೆಸರಾದ ಚುಚ್ಚುಮದ್ದಿನ ಔಷಧಿಗೂ 0.2 ಮತ್ತು 4ರ ಅಂತರವಿದೆ, ಏಕೆಂದರೆ ಮುಂದಿನ ಡೋಸಿಗೆ ತಡವಾಗಿ ಬರುವವರು ಇದ್ದೇ ಇರುತ್ತಾರೆ. ಕಾಪರ್-ಟಿಯಲ್ಲಾದರೋ ಎರಡು ದರಗಳೂ ಹೆಚ್ಚುಕಡಿಮೆ ಒಂದೇ, 0.6 ಮತ್ತು 0.8, ಒಮ್ಮೆ ಗರ್ಭಕೋಶದೊಳಗೆ ಅಳವಡಿಸಿದ ಮೇಲೆ ಅದು ಬಳಸುವವರ ನೆನಪನ್ನು ನೆಚ್ಚಿಕೊಂಡಿರುವುದಿಲ್ಲ.

ಹೀಗಿರುವಾಗ, ಗುಳಿಗೆ ನುಂಗುತ್ತಿದ್ದೂ ಗರ್ಭವತಿಯಾದ ಹೆಣ್ಣುಮಗಳನ್ನು ಮನೆಯವರು ಅಜಾಗ್ರತೆಯವಳೆಂದು ದೂರುವುದು ನನಗೆ ಅನ್ಯಾಯವೆನಿಸುತ್ತದೆ. ನೂರರಲ್ಲಿ ಏಳು ಮಂದಿಗೆ ಆಗುವಂಥದು ಒಬ್ಬಳ ಸ್ವಭಾವದ ದೋಷವಲ್ಲ.

ದರವು ಒಂದು ವರ್ಷಕ್ಕೆ ಸಂಬಂಧಿಸಿದ್ದು ಎಂಬುದನ್ನು ಅನೇಕರು ಗಮನಿಸುವುದಿಲ್ಲ. ವರ್ಷಕ್ಕೆ 13ರ ದರ ಹಾಗೆಯೇ ಮುಂದುವರಿದರೆ ಐದು ವರ್ಷಗಳಲ್ಲಿ ನೂರಕ್ಕೆ ಸುಮಾರು 50 ಮಂದಿ ಗರ್ಭ ಧರಿಸಿರುತ್ತಾರೆ. ಆದರೆ ಬೇಗ ವಿಫಲರಾಗುವವರು ಮೊದಲೇ ಲೆಕ್ಕದಿಂದ ಹೊರಬೀಳುವುದರಿಂದ ಮತ್ತು ಉಳಿದವರು ಅಭ್ಯಾಸದಿಂದ ಪಳಗುವುದರಿಂದ ದರ ವರ್ಷದಿಂದ ವರ್ಷಕ್ಕೆ ತಗ್ಗುತ್ತದೆ. ಪರ್ಲ್ ಸೂತ್ರ ಇದನ್ನು ತೋರಿಸಲಾರದು ಎಂಬುದೇ ಅದರ ಮೇಲಿನ ಮುಖ್ಯ ಆಕ್ಷೇಪ.

ಶಸ್ತ್ರಚಿಕಿತ್ಸೆಗಳ ದರ ಬಹಳ ಕಡಿಮೆ: ಹೆಣ್ಣಿನದಕ್ಕೆ ಸುಮಾರು 0.5, ಗಂಡಿನದಕ್ಕೆ 0.15. ಗಂಡಿನ ಶಸ್ತ್ರಚಿಕಿತ್ಸೆ ಹೆಚ್ಚು ಸರಳವೂ ಹೌದು. ಹಾಗಿದ್ದೂ ಕರ್ನಾಟಕದಲ್ಲಿ ಆಪರೇಷನ್ ಮಾಡಿಸಿಕೊಳ್ಳುವವರು ಬಹುಮಟ್ಟಿಗೆ ಹೆಂಗಸರೇ ಆಗಿರುವುದಕ್ಕೆ ಈ ಅಂಕಿಗಳಲ್ಲಿ ಯಾವ ಸಮರ್ಥನೆಯೂ ಸಿಗದು. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಗಂಡಿನ ಶಸ್ತ್ರಚಿಕಿತ್ಸೆ ಆದ ಕೂಡಲೇ ರಕ್ಷಣೆ ದೊರೆಯುವುದಿಲ್ಲ. ಸುಮಾರು ಮೂರು ತಿಂಗಳು ಕಳೆದು, ವೀರ್ಯದಲ್ಲಿ ವೀರ್ಯಾಣುಗಳಿಲ್ಲವೆಂದು ಪರೀಕ್ಷೆಯಲ್ಲಿ ಖಚಿತವಾಗುವವರೆಗೆ ದಂಪತಿಗಳು ಬೇರೊಂದು ವಿಧಾನವನ್ನು ಬಳಸುತ್ತಿರಬೇಕು.